ದಿಲ್ಲಿಯ ಕಂಬ, ಕಾರವಾರದ ಗೇಟು

ಮಾನ್ಯರೇ,

ಕಾರವಾರದಿಂದ ತಾವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ದಿಲ್ಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ಬಿಸಿಲು ಮಳೆಗೆ ನಿಂತಿದ್ದರೂ ಗಟ್ಟಿಯಾಗಿರುವಾಗ, ಕಡಲಿಗೆ ಹತ್ತಿರದ ತಮ್ಮ ಮನೆಯ ಗೇಟು ನಾಲ್ಕಾರು ಮಳೆಗಾಲಗಳಲ್ಲೇ ಉದುರತೊಡಗಿದೆಯಲ್ಲ, ಪ್ರಾಚೀನರ ವಿದ್ಯೆ ಕೈಬಿಟ್ಟುಹೋಯಿತೇ ಎಂಬುದು ಮೊದಲನೆಯದು. ಮಗಳು ಲೋಹಶಾಸ್ತ್ರದ ಎಂಜಿನಿಯರಿಂಗ್ ಓದುತ್ತೇನೆನ್ನುತ್ತಾಳೆ, ಕಬ್ಬಿಣದ ಕೆಲಸದಲ್ಲಿ ನಾಲ್ಕು ವರ್ಷ ಓದುವಂಥದ್ದೇನಿದೆ ಎಂಬುದು ಎರಡನೆಯದು. ಲೋಹದ ಆಯುಷ್ಯವನ್ನು ಅದರೊಳಗೆ ಬೆರೆತಿರುವ ವಸ್ತುಗಳ ಜೊತೆಗೆ ಅದು ನಿಂತ ಜಾಗವೂ ನಿರ್ಧರಿಸುತ್ತದೆ ಎಂಬುದನ್ನು ಒಪ್ಪಿಕೊಂಡರೆ ಎರಡಕ್ಕೂ ಒಂದೇ ಕಡೆಯಿಂದ ಉತ್ತರ ಸಿಗುತ್ತದೆ.

ಏಳು ಮೀಟರಿಗಿಂತ ತುಸು ಎತ್ತರದ, ಆರು ಟನ್ನಿಗೂ ಮೀರಿದ ತೂಕದ ಆ ಕಂಬ ಎರಕದ ಕೆಲಸವಲ್ಲ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂದಿನ ಕುಲುಮೆಗಳಿಗೆ ಅದು ನಿಲುಕುತ್ತಿರಲಿಲ್ಲ. ಆದ್ದರಿಂದ ಇದ್ದಿಲಿನ ಜೊತೆ ಅದಿರನ್ನು ಕಾಯಿಸಿ, ಮುದ್ದೆಯಾಗಿ ಸಿಕ್ಕ ಕಬ್ಬಿಣವನ್ನು ಬಡಿದು ಕಿಟ್ಟ ತೆಗೆದು, ಮುದ್ದೆಗೆ ಮುದ್ದೆ ಬೆಸೆಯುತ್ತಿದ್ದರು. ಈ ಕ್ರಮದಲ್ಲಿ ಸುಣ್ಣಕಲ್ಲು ಬಳಸದಿದ್ದುದರಿಂದ ರಂಜಕ, ಅಂದರೆ ಫಾಸ್ಫರಸ್, ಕಬ್ಬಿಣದಲ್ಲೇ ಉಳಿಯಿತು. ಇಂದಿನ ಸಾಮಾನ್ಯ ಉಕ್ಕಿನಲ್ಲಿ ಶೇ. 0.05ಕ್ಕಿಂತ ಕಡಿಮೆಯಿರುವ ಅದು ಕಂಬದಲ್ಲಿ ಸುಮಾರು ಶೇ. 0.25ರಷ್ಟಿದೆ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನದ ಪ್ರಕಾರ, ತೊಯ್ದು ಒಣಗುತ್ತ ಹೋದಂತೆ ಈ ರಂಜಕದಿಂದ ಮೇಲ್ಮೈಯಲ್ಲಿ ತೆಳುವಾದ ಫಾಸ್ಫೇಟ್ ಪದರವೊಂದು ಬೆಳೆದು ಒಳಗಿನ ಲೋಹವನ್ನು ಕಾಯುತ್ತಿದೆ. ಇಂದಿನ ಕಾರ್ಖಾನೆಗಳು ರಂಜಕವನ್ನು ಬೇಕೆಂದೇ ತೆಗೆಯುತ್ತವೆ, ಏಕೆಂದರೆ ಅದು ಹೆಚ್ಚಾದರೆ ಉಕ್ಕು ಪೆಡಸಾಗಿ ಪೆಟ್ಟಿಗೆ ಬಿರುಕು ಬಿಡುತ್ತದೆ. ನೆಟ್ಟಗೆ ನಿಂತಿರುವ ಕಂಬಕ್ಕೆ ಅದರಿಂದ ತೊಂದರೆಯಿಲ್ಲ. ಸೇತುವೆಗೋ ಹಡಗಿಗೋ ಇದೆ.

ಅದೇ ಕಂಬವನ್ನು ಕಾರವಾರದ ಟಾಗೋರ್ ಕಡಲತೀರದಲ್ಲಿ ನೆಟ್ಟಿದ್ದರೆ ಇಷ್ಟು ದೀರ್ಘಾಯುಷ್ಯವನ್ನು ನಾನಂತೂ ನಿರೀಕ್ಷಿಸುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಿಂತ ದೊಡ್ಡ ವೈರಿ ಉಪ್ಪು. ಗಾಳಿಯಲ್ಲಿ ತೇಲಿಬಂದು ಕೂತ ಉಪ್ಪು ತೇವವನ್ನು ಹೀರಿಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ಲೋಹದ ಮೈ ಒದ್ದೆಯಾಗಿಯೇ ಇರುತ್ತದೆ, ಜೊತೆಗೆ ಉಪ್ಪಿನಲ್ಲಿರುವ ಕ್ಲೋರೈಡ್ ರಕ್ಷಣೆಯ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಬಣ್ಣ ಬೇಡದ, ತಾನೇ ಪದರ ಕಟ್ಟಿಕೊಳ್ಳುವ ವೆದರಿಂಗ್ ಸ್ಟೀಲ್ ಎಂಬ ಇಂದಿನ ಉಕ್ಕನ್ನೂ ಕಡಲಂಚಿನಲ್ಲಿ ಬಳಸಬೇಡಿರೆಂದು ತಯಾರಕರೇ ಎಚ್ಚರಿಸುತ್ತಾರೆ. ಉಕ್ಕಿನ ಬೋಟುಗಳ ನೀರಿನಡಿಯ ಭಾಗಕ್ಕೆ ಸತುವಿನ ಗಟ್ಟಿಗಳನ್ನು ಜೋಡಿಸುವುದೂ ಇದೇ ಕಾರಣಕ್ಕೆ: ಕಬ್ಬಿಣಕ್ಕಿಂತ ಮೊದಲು ಸತು ತಾನೇ ಸವೆದುಹೋಗುತ್ತದೆ. ಹೊಸ ಗೇಟು ಮಾಡಿಸುವಾಗ ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಬಿಸಿ ಸತುವಿನಲ್ಲಿ ಅದ್ದಿಸಿ, ಆಮೇಲೆ ಬಣ್ಣ ಬಳಿಸಿರಿ. ಮೊದಲೇ ಸತು ಹಚ್ಚಿದ ಪೈಪನ್ನು ಬೆಸೆದರೆ ಬೆಸುಗೆಯ ಜಾಗದಲ್ಲಿ ಸತು ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಾಚೀನರ ಕೌಶಲವನ್ನು ಕಡಿಮೆಯೆಂದು ನಾನು ಹೇಳುತ್ತಿಲ್ಲ. ನೆರೆಯ ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಕ್ರಿ.ಪೂ. 1000ರ ಆಸುಪಾಸಿನ ಕಬ್ಬಿಣದ ವಸ್ತುಗಳು ದೊರೆತಿವೆ. ಶಿರಸಿ ಕಡೆಯ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡುವ ಆಚಾರಿಯೂ ಕಾದ ಲೋಹದ ಬಣ್ಣ ನೋಡಿಯೇ ಅದನ್ನು ನೀರಿಗಿಳಿಸುವ ಗಳಿಗೆ ತಿಳಿಯುತ್ತಾನೆ. ಸುಮಾರು 727 ಡಿಗ್ರಿ ದಾಟಿದ ಉಕ್ಕಿನಲ್ಲಿ ಪರಮಾಣುಗಳ ಜೋಡಣೆ ಬದಲಾಗುತ್ತದೆ, ಆಗ ಥಟ್ಟನೆ ತಣಿಸಿದರೆ ಇಂಗಾಲ ಒಳಗೇ ಸಿಕ್ಕಿಬಿದ್ದು ಅಲಗು ಗಡುಸಾಗುತ್ತದೆ, ಮತ್ತೆ ಹದವಾಗಿ ಕಾಯಿಸಿದರೆ ಪೆಡಸುತನ ಇಳಿಯುತ್ತದೆ. ತಮ್ಮ ಮಗಳು ಓದಲಿರುವುದು ಈ ‘ಏಕೆ’ಯನ್ನು. ಕಾರಣ ತಿಳಿದವನು ಹಿಂದೆ ಯಾರೂ ಮಾಡದ ಲೋಹವನ್ನೂ ಯೋಜಿಸಬಲ್ಲನು.

ಅದಕ್ಕೆ ನಿದರ್ಶನ ತಮ್ಮ ತಾಲ್ಲೂಕಿನಲ್ಲೇ ಇದೆ. ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಇಂಧನವನ್ನೂ ಅದರ ಸುತ್ತ ಹರಿಯುವ ಬಿಸಿ ಭಾರಜಲವನ್ನೂ (ಭಾರವಾದ ಹೈಡ್ರೋಜನ್ ಇರುವ ನೀರು) ಹಿಡಿದಿಡುವ ಕೊಳವೆಗಳು ಉಕ್ಕಿನವಲ್ಲ, ಶೇ. 2.5ರಷ್ಟು ನಿಯೋಬಿಯಂ ಬೆರೆತ ಜಿರ್ಕೋನಿಯಂನವು. ಇಂಧನದ ಪರಮಾಣುಗಳನ್ನು ಒಡೆಯುತ್ತ ಹೋಗಲು ಬೇಕಾದ ನ್ಯೂಟ್ರಾನ್ ಎಂಬ ಕಣಗಳನ್ನು ಉಕ್ಕು ನುಂಗಿಬಿಡುತ್ತದೆ, ಜಿರ್ಕೋನಿಯಂ ಬಹುಪಾಲು ಹಾದುಹೋಗಲು ಬಿಡುತ್ತದೆ. ಆದರೆ ಕಡಲತೀರದ ಮರಳಿನಿಂದ ತೆಗೆಯುವ ಈ ಲೋಹದ ಜೊತೆಗೇ ಹಾಫ್ನಿಯಂ ಎಂಬ ಇನ್ನೊಂದು ಲೋಹ ಬರುತ್ತದೆ. ಅದು ನ್ಯೂಟ್ರಾನುಗಳ ಮಟ್ಟಿಗೆ ಮಹಾ ಹಸಿವಿನದು. ರಾಸಾಯನಿಕವಾಗಿ ಅವಳಿಗಳಂತಿರುವ ಇವೆರಡನ್ನು ಬೇರ್ಪಡಿಸುವುದೇ ಒಂದು ದೊಡ್ಡ ವಿದ್ಯೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಮಾಡಿದಾಗ ಪತ್ರಿಕೆಗಳು ವಿದ್ಯುತ್ತಿನ ಲೆಕ್ಕ ಬರೆದವು, ಕೊಳವೆಗಳ ಮಾತು ಎತ್ತಿದವರು ವಿರಳ.

ಹತ್ತಿರದಲ್ಲಿ ಓದಬೇಕೆಂದರೆ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ ಬಿ.ಟೆಕ್. ಇದೆ, ಪ್ರವೇಶ ಜೆಇಇ ಮೇನ್ ಮೂಲಕ, ಅರ್ಧದಷ್ಟು ಸೀಟುಗಳು ಕರ್ನಾಟಕದವರಿಗೆ. ಕಂಪ್ಯೂಟರ್ ವಿಭಾಗದಷ್ಟು ನೇಮಕಾತಿಯ ಗದ್ದಲ ಇಲ್ಲಿರುವುದಿಲ್ಲ, ಅದನ್ನು ತಿಳಿದೇ ಸೇರಬೇಕು. ಮಗಳಿಗೆ ರಸಾಯನಶಾಸ್ತ್ರವೂ ಭೌತಶಾಸ್ತ್ರವೂ ಸಮನಾಗಿ ಹಿಡಿಸುತ್ತವೆಯೇ ಎಂದು ಕೇಳಿರಿ. ಒಂದು ಮಾತ್ರ ಹಿಡಿಸಿ ಇನ್ನೊಂದು ಬೇಸರವೆಂದರೆ ನಾನಾದರೆ ಇನ್ನೊಮ್ಮೆ ಯೋಚಿಸು ಎನ್ನುತ್ತಿದ್ದೆ. ಎರಡೂ ಇಷ್ಟವೆಂದರೆ ತಾವು ತಡೆಯಬೇಡಿ.

— ಸಂಪಾದಕ