ಪಾಸ್ಟ್ ಟೆನ್ಸ್ ಆದರೆ ಪ್ರಿಪೊಸಿಷನ್ ಕೂಡ ಬದಲಾಗುತ್ತದಾ?

ನೀವು ಕೇಳಿರುವುದು ಇಷ್ಟು: ‘ಲುಕ್’ ಜೊತೆ ‘ಅಟ್’, ‘ವೇಟ್’ ಜೊತೆ ‘ಫಾರ್’ ಬರುತ್ತದೆ ಅಂತ ಗೊತ್ತು. ಆದರೆ ನಡೆದುಹೋದ ವಿಷಯ ಹೇಳುವಾಗ ಯಾವುದು ಹಾಕಬೇಕು ಅಂತ ತಡವರಿಸುತ್ತೇನೆ. ಪಾಸ್ಟ್ ಟೆನ್ಸ್‌ಗೆ ಬೇರೆ ಪಟ್ಟಿ ಇದೆಯಾ, ಇದ್ದರೆ ಬಾಯಿಪಾಠ ಮಾಡಿದರೆ ಸಾಕಾ?

ಬೇರೆ ಪಟ್ಟಿ ಇಲ್ಲ. ಪ್ರಿಪೊಸಿಷನ್ ಅಂಟಿಕೊಂಡಿರುವುದು ಕ್ರಿಯಾಪದದ ಅರ್ಥಕ್ಕೆ, ಕಾಲಕ್ಕಲ್ಲ. ‘ಐ ವೇಟ್ ಫಾರ್ ಹಿಮ್’, ‘ಐ ವೇಟೆಡ್ ಫಾರ್ ಹಿಮ್’, ‘ಐ ವಿಲ್ ವೇಟ್ ಫಾರ್ ಹಿಮ್’. ಮೂರರಲ್ಲೂ ‘ಫಾರ್’ ಇದ್ದಲ್ಲೇ ಇದೆ. ಇದರಲ್ಲಿ ಹೊಸದೇನೂ ಇಲ್ಲ, ನಾವು ದಿನಾ ಮಾಡುವುದೇ. ‘ನಾಯಿಗೆ ಹೆದರುತ್ತಾನೆ’, ‘ನಾಯಿಗೆ ಹೆದರಿದ’, ‘ನಾಯಿಗೆ ಹೆದರಲಿಲ್ಲ’ ಅನ್ನುತ್ತೇವೆ ಅಲ್ವಾ? ‘ಹೆದರು’ ಅನ್ನುವುದಕ್ಕೆ ‘ಗೆ’ ಬೇಕು, ಅದು ಯಾವತ್ತಾದರೂ ಸರಿ.

ಹಾಗಾದರೆ ತಡವರಿಕೆ ಯಾಕೆ? ನನಗನ್ನಿಸುವ ಮಟ್ಟಿಗೆ, ‘ಡಿಡ್’ ಬಂದಾಗ ತಲೆ ಕೆಡುತ್ತದೆ. ಪಾಸ್ಟ್ ಅನ್ನುವ ಗುರುತು ವಾಕ್ಯದಲ್ಲಿ ಒಂದೇ ಕಡೆ ಇರಬೇಕು. ‘ಡಿಡ್’ ಅದನ್ನು ಹೊತ್ತುಕೊಂಡ ಮೇಲೆ ಕ್ರಿಯಾಪದ ಮೂಲ ರೂಪಕ್ಕೆ ಬರುತ್ತದೆ: ‘ಡಿಡ್ ಯು ವೇಟ್ ಫಾರ್ ಮಿ?’ ಇಲ್ಲಿ ‘ವೇಟೆಡ್’ ತಪ್ಪು. ‘ಫಾರ್’ ಮಾತ್ರ ಅಲ್ಲಾಡುವುದಿಲ್ಲ. ಪ್ರಶ್ನೆಯಲ್ಲಿ ಇನ್ನೊಂದು ಸಮಸ್ಯೆ ಇದೆ. ‘ಯಾರ ಜೊತೆ ಮಾತಾಡಿದೆ?’ ಅನ್ನುವಾಗ ‘ಜೊತೆ’ ನಮಗೆ ಮೊದಲೇ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಅದು ಕೊನೆಗೆ ಹೋಗಿ ನಿಲ್ಲುತ್ತದೆ: ‘ಹೂ ಡಿಡ್ ಯು ಟಾಕ್ ಟು?’ ಕೊನೆಯ ‘ಟು’ ನಮ್ಮಲ್ಲಿ ಅನೇಕರ ಬಾಯಲ್ಲಿ ಬಿದ್ದುಹೋಗುತ್ತದೆ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇರಬಾರದು ಅಂತ ಯಾರಾದರೂ ಹೆದರಿಸಿದ್ದರೆ ಮರೆತುಬಿಡಿ. ಮಾತಿನಲ್ಲಿ ಅದೇ ಸಹಜ.

ಇನ್ನು ಕಿವಿಯ ವಿಷಯ. ಇದನ್ನು ಹೇಳಿಕೊಡುವವರು ಕಡಿಮೆ. ಬರೆಯುವಾಗ ‘ಟಾಕ್ಡ್ ಟು’. ಆದರೆ ಅದರ ಕೊನೆಯ ಅಕ್ಷರ ‘ಡ್’ ಅಂತ ಕೇಳುವುದಿಲ್ಲ, ‘ಟ್’ ಅಂತ ಕೇಳುತ್ತದೆ. ಕ, ಪ, ಸ, ಶ, ಚ ಥರದ ಸದ್ದು ಆದ ಮೇಲೆ ಹಾಗೇ ಆಗುವುದು. ಆ ‘ಟ್’ ಹೋಗಿ ಪಕ್ಕದ ‘ಟು’ ಜೊತೆ ಕೂಡಿಕೊಂಡರೆ ಉಳಿಯುವುದು ‘ಟಾಕ್ಟು’. ‘ಟಾಕ್ ಟು’ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ‘ಹೀ’, ‘ಶೀ’ ಇದ್ದಾಗ ಒಂದು ಸುಳಿವು ಸಿಗುತ್ತದೆ: ಈಗಿನ ಮಾತಾದರೆ ‘ಹೀ ಟಾಕ್ಸ್ ಟು’ ಅಂತ ‘ಸ್’ ಕೇಳಬೇಕು. ‘ಸ್’ ಕೇಳಲಿಲ್ಲ ಅಂದರೆ ಅದು ನಡೆದುಹೋದ ಮಾತು. ‘ಲುಕ್ಡ್ ಅಟ್’ ಕೂಡ ಹೀಗೇ, ‘ಲುಕ್ಟ್ಯಾಟ್’ ಅಂತ ಒಂದೇ ಪದದ ಹಾಗೆ ಬರುತ್ತದೆ. ‘ಕಾಲ್ಡ್’ನಲ್ಲಿ ‘ಡ್’ ನಿಜವಾಗಿಯೂ ಇದೆ. ‘ವೇಟೆಡ್’ನಲ್ಲಿ ಇನ್ನೊಂದು ಸ್ವರವೇ ಸೇರಿಕೊಳ್ಳುತ್ತದೆ.

ನಮ್ಮ ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಕನ್ನಡದ ವಿಭಕ್ತಿಯಿಂದ. ‘ಅದರ ಬಗ್ಗೆ ಚರ್ಚಿಸಿದೆವು’ ಅಂದುಕೊಂಡು ‘ಡಿಸ್ಕಸ್ಡ್ ಅಬೌಟ್’ ಅನ್ನುತ್ತೇವೆ. ‘ಅವಳ ಜೊತೆ ಮದುವೆಯಾದ’ ಅಂತ ‘ಮ್ಯಾರೀಡ್ ವಿತ್ ಹರ್’. ‘ಊರಿಗೆ ತಲುಪಿದೆ’ ಅಂತ ‘ರೀಚ್ಡ್ ಟು’. ಈ ಮೂರಕ್ಕೂ ಪ್ರಿಪೊಸಿಷನ್ನೇ ಬೇಡ: ‘ಡಿಸ್ಕಸ್ಡ್ ಇಟ್’, ‘ಮ್ಯಾರೀಡ್ ಹರ್’, ‘ರೀಚ್ಡ್ ದಿ ಸ್ಟೇಷನ್’. ಅದೇ ‘ಅರೈವ್ಡ್’ಗೆ ಬೇಕೇ ಬೇಕು, ಆದರೆ ‘ಟು’ ಅಲ್ಲ. ಊರು, ದೇಶ ಆದರೆ ‘ಅರೈವ್ಡ್ ಇನ್’. ಸ್ಟೇಷನ್, ಮನೆ ಬಾಗಿಲಿನಂಥ ಜಾಗ ಆದರೆ ‘ಅರೈವ್ಡ್ ಅಟ್’. ‘ನನ್ನ ಮೇಲೆ ಕೋಪ ಮಾಡಿಕೊಂಡ’ ಅನ್ನುವುದಕ್ಕೆ ‘ಆನ್ ಮಿ’ ಅಲ್ಲ, ‘ಹೀ ಗಾಟ್ ಆಂಗ್ರಿ ವಿತ್ ಮಿ’. ‘ಎಕ್ಸ್‌ಪ್ಲೇನ್ಡ್ ಮಿ’ ಅಂತ ಬಹಳ ಕೇಳುತ್ತೇನೆ, ಸರಿಯಾದದ್ದು ‘ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’.

ಕೆಲವು ಕ್ರಿಯಾಪದಗಳಿಗೆ ಒಂದಕ್ಕಿಂತ ಜಾಸ್ತಿ ಪ್ರಿಪೊಸಿಷನ್ ಹೊಂದುತ್ತದೆ, ಆಗ ಕಥೆಯೇ ಬೇರೆ. ‘ಹೀ ಶೌಟೆಡ್ ಟು ಮಿ’ ಅಂದರೆ ದೂರದಲ್ಲಿದ್ದ, ಕೇಳಿಸಲಿ ಅಂತ ಕೂಗಿ ಹೇಳಿದ. ‘ಹೀ ಶೌಟೆಡ್ ಅಟ್ ಮಿ’ ಅಂದರೆ ರೇಗಿದ. ಎಸೆಯುವುದರಲ್ಲೂ ಹಾಗೇ: ‘ಟು’ ಬಂದರೆ ಚೆಂಡು ಹಿಡಿಯಲಿ ಅಂತ ಎಸೆದದ್ದು, ‘ಅಟ್’ ಬಂದರೆ ತಾಗಲಿ ಅಂತ. ‘ರ‍್ಯಾನ್ ಇನ್‌ಟು ಎ ಫ್ರೆಂಡ್’ ಅಂದಾಗ ಯಾರೂ ಓಡಿರುವುದಿಲ್ಲ, ಸ್ನೇಹಿತ ದಾರಿಯಲ್ಲಿ ಸಿಕ್ಕ ಅಷ್ಟೆ.

ಒಂದು ತಮಾಷೆ ಹೇಳಿಬಿಡುತ್ತೇನೆ. ‘ಹೀ ಪಾಸ್ಟ್ ದಿ ಹೌಸ್’, ‘ಹೀ ವಾಕ್ಡ್ ಪಾಸ್ಟ್ ದಿ ಹೌಸ್’: ಕಿವಿಗೆ ಎರಡೂ ‘ಪಾಸ್ಟ್’ ಒಂದೇ. ಮೊದಲನೆಯದು ‘ದಾಟಿದ’ ಅನ್ನುವ ಕ್ರಿಯಾಪದ, ಅದರ ಸ್ಪೆಲಿಂಗ್ ಬೇರೆ. ಎರಡನೆಯದು ಪ್ರಿಪೊಸಿಷನ್. ಅಸಲಿಗೆ ಆ ಪ್ರಿಪೊಸಿಷನ್ ಹುಟ್ಟಿದ್ದೇ ಆ ಕ್ರಿಯಾಪದದಿಂದ. ಪಾಸ್ಟ್ ಟೆನ್ಸ್‌ನ ‘ಪಾಸ್ಟ್’ ಕೂಡ ಅದೇ ಮನೆಯದು.

ಕಾಲಕ್ಕೂ ಪ್ರಿಪೊಸಿಷನ್‌ಗೂ ನಿಜವಾಗಿ ನಂಟಿರುವುದು ಸಮಯ ಹೇಳುವ ಕಡೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ‘ಐ ವರ್ಕ್ಡ್ ದೇರ್ ಫಾರ್ ಟು ಯಿಯರ್ಸ್’ ಅಂದರೆ ಎರಡು ವರ್ಷ ಕೆಲಸ ಮಾಡಿದೆ, ಈಗ ಅಲ್ಲಿಲ್ಲ. ‘ಎರಡು ವರ್ಷದಿಂದ ಮಾಡುತ್ತಿದ್ದೇನೆ’ ಅನ್ನಬೇಕಾದರೆ ಬರೀ ಪಾಸ್ಟ್ ಸಾಲದು, ‘ಹ್ಯಾವ್’ ಬೇಕು: ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಟು ಯಿಯರ್ಸ್’. ‘ಫಾರ್’ ಜಾಗಕ್ಕೆ ‘ಸಿನ್ಸ್’ ತಂದರೆ ಶುರುವಾದ ಹೊತ್ತನ್ನು ಹೇಳಬೇಕು: ‘ಸಿನ್ಸ್ 2019’. ನಮ್ಮ ‘ಇಂದ’ ಈ ಎರಡೂ ಕೆಲಸ ಮಾಡುವುದರಿಂದ ‘ಸಿನ್ಸ್ ಟು ಯಿಯರ್ಸ್’ ಅಂತ ಬಾಯಿಗೆ ಬರುತ್ತದೆ. ಅದು ತಪ್ಪು.

‘ಫಾರ್’ ಮತ್ತು ‘ಇನ್’ ವಿಷಯದಲ್ಲಿ ಮಾತ್ರ ಕನ್ನಡ ನಿಮ್ಮ ಪರ ಇದೆ. ‘ಎರಡು ದಿನ ಪುಸ್ತಕ ಓದಿದೆ’ ಅಂದರೆ ಮುಗಿಯಿತೋ ಇಲ್ಲವೋ ಗೊತ್ತಿಲ್ಲ. ‘ಎರಡು ದಿನದಲ್ಲಿ ಪುಸ್ತಕ ಓದಿದೆ’ ಅಂದರೆ ಮುಗಿಯಿತು. ಇಂಗ್ಲಿಷಿನ ‘ಫಾರ್ ಟು ಡೇಸ್’, ‘ಇನ್ ಟು ಡೇಸ್’ ಇದೇ ಲೆಕ್ಕ. ‘ವೇಟೆಡ್ ಟಿಲ್ ಫೈವ್’ ಅಂದರೆ ಐದರವರೆಗೆ ಕಾದೆ, ‘ಫಿನಿಶ್ಡ್ ಬೈ ಫೈವ್’ ಅಂದರೆ ಐದರೊಳಗೆ ಮುಗಿಸಿದೆ. ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’ ಇವುಗಳ ಮುಂದೆ ಸುಮ್ನೆ ‘ಆನ್’, ‘ಇನ್’ ತುರುಕಬೇಡಿ.

ಪ್ರಿಪೊಸಿಷನ್ ಆದ ಮೇಲೆ ಇನ್ನೊಂದು ಕ್ರಿಯಾಪದ ಬಂದರೆ ಅದು ಪಾಸ್ಟ್ ಆಗುವುದಿಲ್ಲ, ‘ಇಂಗ್’ ಹಚ್ಚಿಕೊಳ್ಳುತ್ತದೆ. ‘ಶೀ ಥ್ಯಾಂಕ್ಡ್ ಮಿ ಫಾರ್ ಕಮಿಂಗ್’. ಬಂದದ್ದು ನಿನ್ನೆಯೇ ಆಗಿದ್ದರೂ ‘ಫಾರ್ ಕೇಮ್’ ಅನ್ನುವ ಹಾಗಿಲ್ಲ. ‘ಯೂಸ್ಡ್ ಟು’ ಗೊಂದಲವೂ ಇದರಲ್ಲೇ ಬಿಡಿಸಿಕೊಳ್ಳುತ್ತದೆ. ‘ಐ ಯೂಸ್ಡ್ ಟು ವಾಕ್’ ಅಂದರೆ ಮೊದಲೆಲ್ಲ ನಡೆಯುತ್ತಿದ್ದೆ, ಅಲ್ಲಿನ ‘ಟು’ ಪ್ರಿಪೊಸಿಷನ್ ಅಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಅಂದರೆ ನಡೆದು ಅಭ್ಯಾಸ ಇದೆ, ಅಲ್ಲಿ ಅದು ಪ್ರಿಪೊಸಿಷನ್.

ಪಟ್ಟಿಯ ಬಗ್ಗೆ ಕೇಳಿದಿರಲ್ಲ. ‘ಅಟ್’ ಅಂದರೆ ಇಂಥದ್ದು, ‘ಆನ್’ ಅಂದರೆ ಇಂಥದ್ದು ಅಂತ ಉರು ಹೊಡೆಯುವುದರಿಂದ ದೊಡ್ಡ ಪ್ರಯೋಜನ ಕಾಣೆ. ಅದರ ಬದಲು ‘ಲಿಸನ್ಡ್ ಟು ಹರ್’, ‘ಆಸ್ಕ್ಡ್ ಫಾರ್ ಹೆಲ್ಪ್’, ‘ಲಾಫ್ಡ್ ಅಟ್ ಹಿಮ್’ ಅಂತ ಇಡೀ ತುಂಡನ್ನೇ ಬಾಯಲ್ಲಿ ಕೂರಿಸಿಕೊಳ್ಳಿ, ಅದೂ ಪಾಸ್ಟ್ ರೂಪದಲ್ಲೇ. ನಿನ್ನೆ ಏನು ಮಾಡಿದೆ ಅಂತ ಹೇಳಲು ಹೊರಟಾಗ ಅದು ಹಾಗೆಯೇ ಹೊರಗೆ ಬರುತ್ತದೆ.