ಕುಷನ್‌ಗೆ ಬಡಿದ ಚೆಂಡು ಯಾಕೆ ಲೆಕ್ಕ ತಪ್ಪುತ್ತದೆ? ಗೋಣಿಕೊಪ್ಪದವರ ಪ್ರಶ್ನೆಗೆ ಉತ್ತರ

ಎಷ್ಟು ಕೋನದಲ್ಲಿ ಬಡಿದರೆ ಅಷ್ಟೇ ಕೋನದಲ್ಲಿ ವಾಪಸ್ ಬರಬೇಕು ಅಂತ ಶಾಲೆಯಲ್ಲಿ ಕಲಿತಿದ್ದೇವೆ, ನಮ್ಮ ಕ್ಲಬ್ಬಿನ ಬಿಲಿಯರ್ಡ್ಸ್ ಟೇಬಲ್ ಮೇಲೆ ಹಾಗಾಗುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ನಿಯಮ ಸರಿಯಾಗಿಯೇ ಇದೆ. ಎಲ್ಲಿಂದ ಅಳೆಯುತ್ತೀರಿ ಅನ್ನುವುದನ್ನು ಮೊದಲು ನೋಡಿ.

ಚೆಂಡಿನ ವ್ಯಾಸ 52.5 ಮಿ.ಮೀ. ಅದರ ಅಂಚು ಕುಷನ್, ಅಂದರೆ ಟೇಬಲ್ ಸುತ್ತಲಿನ ರಬ್ಬರ್ ಪಟ್ಟಿ, ಮುಟ್ಟಿದಾಗ ನಡುಬಿಂದು ಸುಮಾರು 26 ಮಿ.ಮೀ. ಈಚೆಗೇ ಇರುತ್ತದೆ. ಅಷ್ಟು ಈಚೆಗೆ ಕುಷನ್ ಉದ್ದಕ್ಕೂ ಒಂದು ಗೆರೆ ಇದೆ ಅಂದುಕೊಳ್ಳಿ. ಅಳತೆಯೆಲ್ಲ ಆ ಗೆರೆಯಿಂದಲೇ ಆಗಬೇಕು. ಬಹಳ ಜನ ಸುಮ್ನೆ ಕುಷನ್‌ನಿಂದಲೇ ಅಳೆಯುತ್ತಾರೆ.

ಬಿಳಿ ಚೆಂಡು ಗೆರೆಯಿಂದ 2 ಅಡಿ, ಕೆಂಪು 4 ಅಡಿ ದೂರದಲ್ಲಿದೆ ಅನ್ನಿ. ಬಿಳಿಯನ್ನು ಕುಷನ್‌ಗೆ ಬಡಿಸಿ ಕೆಂಪಿಗೆ ತಗುಲಿಸಬೇಕು. ಗೆರೆಯ ಉದ್ದಕ್ಕೆ ಇಬ್ಬರ ನಡುವೆ 3 ಅಡಿ. ಆ 3 ಅಡಿಯನ್ನು 2ಕ್ಕೆ 4ರಂತೆ ಹಂಚಿ. ಬಿಳಿ ಚೆಂಡಿನ ನೇರಕ್ಕಿಂತ 1 ಅಡಿ ಮುಂದೆ ಬಡಿಯಬೇಕು. ಗೆರೆಯಿಂದ ಅಳೆದರೆ ಕೋನ ಸುಮಾರು 63 ಡಿಗ್ರಿ, ಹೋಗುವಾಗಲೂ ಬರುವಾಗಲೂ. ಒಂದು ದಾರ ಎಳೆದು, ಮಕ್ಕಳ ಪ್ರೊಟ್ರಾಕ್ಟರ್ ಇಟ್ಟು ನೋಡಿ, ಕಣ್ಣಿಗೆ ಬೇಗ ಅಭ್ಯಾಸವಾಗುತ್ತದೆ.

ಆಮೇಲೂ ತಪ್ಪಿದರೆ ಹೊಡೆತದ ವೇಗ ನೋಡಿ. ಜೋರಾಗಿ ಹೊಡೆದರೆ ರಬ್ಬರ್ ಒಳಗೆ ಕುಗ್ಗಿ, ಚೆಂಡು ಲೆಕ್ಕಕ್ಕಿಂತ ನೆಟ್ಟಗೆ ಹೊರಬರುತ್ತದೆ. ಸೈಡ್ ಕೊಟ್ಟರಂತೂ, ಅಂದರೆ ಚೆಂಡಿನ ಪಕ್ಕಕ್ಕೆ ಹೊಡೆದು ತಿರುಗಿಸಿದರಂತೂ, ಕೋನ ಬೇರೆಯೇ. ಅಳೆಯುವಾಗ ನಡುವಿಗೇ ಹೊಡೆಯಿರಿ, ಹದವಾದ ವೇಗದಲ್ಲಿ.

ನಮ್ಮ ಕೊಡಗಿನಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ತಗೋಬೇಕು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಟೇಬಲ್ ಬಟ್ಟೆ ತೇವ ಎಳೆದುಕೊಳ್ಳುತ್ತದೆ. ಓಟ ಕಮ್ಮಿ, ಹಿಡಿತ ಜಾಸ್ತಿ, ವಾಪಸ್ ಬರುವ ದಾರಿಯೂ ನೆಟ್ಟಗಾಗುತ್ತದೆ. ದೊಡ್ಡ ಟೂರ್ನಿಗಳಲ್ಲಿ ಬಟ್ಟೆಯಡಿಯ ಕಲ್ಲಿನ ಹಲಗೆಯನ್ನು ಕೆಳಗಿನಿಂದ ಬೆಚ್ಚಗಿಡುವುದು ಇದಕ್ಕೇ. ನಾವು ಆಡುವ ಮೊದಲು ಬಟ್ಟೆಯನ್ನು ಬ್ರಷ್ ಮಾಡಿ, ಇಸ್ತ್ರಿ ಹಾಕಿದರೂ ವ್ಯತ್ಯಾಸ ಕಾಣುತ್ತದೆ. ಫೆಬ್ರವರಿಯಲ್ಲಿ ಅಳೆದದ್ದನ್ನು ಜುಲೈಗೆ ನಂಬಬೇಡಿ.

ಇನ್ನೊಂದು ಕೋನವನ್ನು ತಪ್ಪದೆ ಕಲಿಯಿರಿ, ಹಾಫ್ ಬಾಲ್. ಬಿಳಿ ಚೆಂಡಿನ ನಡುವನ್ನು ಕೆಂಪಿನ ಅಂಚಿಗೆ ಗುರಿ ಇಡಿ. ತಗುಲಿದಾಗ ಎರಡು ನಡುಬಿಂದುಗಳ ಅಂತರ ಒಂದು ವ್ಯಾಸ, ಪಕ್ಕಕ್ಕೆ ಸರಿದದ್ದು ಅರ್ಧ ವ್ಯಾಸ. ಅರ್ಧ ಅಂದರೆ ಸೈನ್ 30 ಅಲ್ವಾ? ಹಾಗಾಗಿ ಕೆಂಪು 30 ಡಿಗ್ರಿಗೆ ಹೋಗುತ್ತದೆ. ಸಹಜವಾಗಿ ಉರುಳುತ್ತಾ ಬಂದ ಬಿಳಿ ಚೆಂಡು ಇನ್ನೊಂದು ಬದಿಗೆ 33 ಡಿಗ್ರಿ ಆಸುಪಾಸು ತಿರುಗುತ್ತದೆ. ಗುರಿ ಸ್ವಲ್ಪ ಆಚೀಚೆಯಾದರೂ ಬಿಳಿಯ ದಾರಿ ಅಷ್ಟೇನೂ ಬದಲಾಗುವುದಿಲ್ಲ, ಅದೇ ಇದರ ಸೊಗಸು. ಇನ್-ಆಫ್‌ಗೆ, ಅಂದರೆ ಬಿಳಿಯನ್ನೇ ಪಾಕೆಟ್‌ಗೆ ಕಳಿಸುವ ಆ ಹೊಡೆತಕ್ಕೆ, ಇಷ್ಟು ನಂಬಿಕೆಯ ಕೋನ ಬೇರೆ ಇಲ್ಲ. ಕೆಂಪಿನ ಮೇಲೆ ಹಾಗೆ ಹೋದರೆ 3 ಪಾಯಿಂಟ್. ಬೇಸರಪಡದೆ ಇದನ್ನೇ ಒಂದು ವಾರ ಹೊಡೆಯಿರಿ, ಕುಷನ್ ಹೊಡೆತ ಆಮೇಲೆ.