ಎರಡನೇ ಮದುವೆ, ಎರಡು ಕಡೆಯ ಮಕ್ಕಳು: ವಿಲ್ ಬರೆಯಲೇಬೇಕಾ?

ನೀವು ಕೇಳಿರುವುದು ಇಷ್ಟು. ಮೊದಲ ಹೆಂಡತಿ ತೀರಿಕೊಂಡಿದ್ದಾರೆ, ಅವರಿಂದ 14 ವರ್ಷದ ಮಗಳಿದ್ದಾಳೆ. ಹೋದ ವರ್ಷ ಮತ್ತೆ ಮದುವೆಯಾಗಿದ್ದೀರಿ. ಈಗಿನ ಹೆಂಡತಿಗೆ ಮೊದಲ ಮದುವೆಯ 9 ವರ್ಷದ ಮಗ ಇದ್ದಾನೆ. ಮೈಸೂರಿನಲ್ಲಿ ನೀವೇ ದುಡಿದು ಕಟ್ಟಿಸಿದ ಮನೆ, ಊರಲ್ಲಿ ಒಂದಿಷ್ಟು ಜಮೀನು. ತಾಯಿಯೂ ನಿಮ್ಮ ಜೊತೆಗೇ ಇದ್ದಾರೆ. "ಎಲ್ಲರೂ ಚೆನ್ನಾಗಿಯೇ ಇದ್ದೇವೆ, ಆದರೂ ವಿಲ್ ಬೇಕಾ?"

ಬೇಕು. ನಾನು ವಕೀಲೆ ಅಲ್ಲ. ನಿಮ್ಮ ಮಗಳ ಜಾಗದಲ್ಲಿ ನಿಂತಿದ್ದವಳು. ನನಗೆ 11 ಇದ್ದಾಗ ಅಮ್ಮ ಹೋದರು. ಎರಡು ವರ್ಷಕ್ಕೆ ಅಪ್ಪ ಮದುವೆಯಾದರು, ಚಿಕ್ಕಮ್ಮನ ಜೊತೆ ಅವರ ಮಗನೂ ಬಂದ. ನಾವೂ ಚೆನ್ನಾಗಿಯೇ ಇದ್ದೆವು. ಅದಕ್ಕೇ ಅಪ್ಪ ಏನೂ ಬರೆದಿಡಲಿಲ್ಲ ಅನ್ನಿಸುತ್ತದೆ. ಅವರು ಹೋದ ಮೇಲೆ ವಂಶವೃಕ್ಷ ಮಾಡಿಸಲು ನಾಡಕಚೇರಿಗೆ ಹೋದೆವು. ಚಿಕ್ಕಮ್ಮನ ಮಗ, ಅಂದರೆ ನನ್ನ ತಮ್ಮನೇ, ಅರ್ಜಿ ತುಂಬಿ ಹಿಡಿದುಕೊಂಡು ನಿಂತಿದ್ದ. "ಇವರು ಮೃತರಿಗೆ ಹುಟ್ಟಿದ ಮಗನಾ?" ಅಂತ ಕೇಳಿದರು. ಕೇಳಿದವರದು ತಪ್ಪಲ್ಲ, ಅದು ಅವರ ಕೆಲಸ. ಅವನು ಅರ್ಜಿಯನ್ನು ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಬೈಕ್ ಮೇಲೆ ಕೂತ.

ನೀವು ಹಿಂದೂ ಅಂತ ಅಂದುಕೊಂಡು ಬರೆಯುತ್ತಿದ್ದೇನೆ, ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ. ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ಸ್ವಯಾರ್ಜಿತ ಮನೆ ಮೂರು ಪಾಲಾಗುತ್ತದೆ: ತಾಯಿ, ಹೆಂಡತಿ, ಮಗಳು. ಹೆಂಡತಿಯ ಮಗನಿಗೆ ಸೊನ್ನೆ. ನೀವೇ ಶಾಲೆಗೆ ಬಿಟ್ಟು ಬಂದಿರಬಹುದು, ಅವನು ನಿಮ್ಮನ್ನು ಅಪ್ಪ ಅಂತಲೇ ಕರೆಯಬಹುದು. ಆ ಪಟ್ಟಿಯಲ್ಲಿ ಅವನಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತಾಯಿಗೆ ಬಂದ ಪಾಲು ಅವರ ನಂತರ ಅವರ ಎಲ್ಲ ಮಕ್ಕಳಿಗೂ ಹೋಗುತ್ತದೆ. ಅಂದರೆ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ನಿಮ್ಮ ಮನೆಯಲ್ಲಿ ಪಾಲುದಾರರಾಗುತ್ತಾರೆ. ನಮ್ಮಲ್ಲಿ ಆಗಿದ್ದೇ ಇದು. ಅಪ್ಪನ ಹಿಂದೆಯೇ ಅಜ್ಜಿಯೂ ಹೋದರು, ಆಮೇಲೆ ಪ್ರತಿ ಕಾಗದಕ್ಕೂ ಅತ್ತೆಯ ಸಹಿ ಬೇಕಾಯಿತು. ಅತ್ತೆ ಒಳ್ಳೆಯವರು. ಅತ್ತೆಯ ಮಕ್ಕಳ ವಿಷಯ ಬಿಡಿ. ಇನ್ನು ನಿಮ್ಮ ಹೆಂಡತಿಗೆ ಬಂದ ಪಾಲು ಅವರ ನಂತರ ಅವರು ಹೆತ್ತ ಮಗನಿಗೆ ಹೋಗುತ್ತದೆ. ನಿಮ್ಮ ಮಗಳಿಗೆ ತಿರುಗಿ ಬರುವುದಿಲ್ಲ, ಏಕೆಂದರೆ ಹೆಂಗಸಿನ ಆಸ್ತಿಯ ವಿಷಯದಲ್ಲಿ ಕಾನೂನು ಹೇಳುವ "ಮಕ್ಕಳು" ಅನ್ನುವುದರಲ್ಲಿ ಗಂಡನ ಮೊದಲ ಮದುವೆಯ ಮಕ್ಕಳು ಸೇರುವುದಿಲ್ಲ. ಯಾರೂ ಯಾರಿಗೂ ಮೋಸ ಮಾಡಬೇಕಾಗಿಲ್ಲ. ಯಾರು ಮೊದಲು ಸಾಯುತ್ತಾರೆ ಅನ್ನುವುದರ ಮೇಲೆ ಮನೆ ಈ ಕಡೆಗೋ ಆ ಕಡೆಗೋ ಜಾರುತ್ತದೆ, ಅಷ್ಟೇ.

ಹೆಂಡತಿಯೂ ವಿಲ್ ಬರೆಯಬೇಕು. ಇದನ್ನು ಯಾರೂ ಯೋಚಿಸುವುದಿಲ್ಲ. ಅವರಿಗೆ ಮೊದಲ ಗಂಡನ ಕಡೆಯಿಂದ ಒಂದು ಸೈಟು ಬಂದಿದೆ ಅಂತ ಇಟ್ಟುಕೊಳ್ಳಿ. ಅವರು ವಿಲ್ ಇಲ್ಲದೆ ಹೋದರೆ ಅದರಲ್ಲಿ ಅರ್ಧ ಅವರ ಮಗನಿಗೆ, ಇನ್ನರ್ಧ ಈಗಿನ ಗಂಡನಾದ ನಿಮಗೆ. ಆ ಹುಡುಗನ ಹೆತ್ತ ಅಪ್ಪನ ಸೈಟಿನಲ್ಲಿ ನಿಮಗೆ ಅರ್ಧ! ಅದು ನಿಮಗೂ ಬೇಡವಾಗಿರುತ್ತದೆ, ಅಲ್ವಾ?

ಈಗ ನಿಮ್ಮ ವಿಲ್‌ಗೆ ಬರೋಣ. ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಮನೆಯನ್ನು ಪೂರ್ತಿ ಹೆಂಡತಿಗೆ ಬರೆದು "ಮುಂದೆ ಅವಳೇ ಮಗಳಿಗೆ ಕೊಡುತ್ತಾಳೆ" ಅಂತ ನಂಬುವುದು. ಇಲ್ಲವೇ ಮಗಳಿಗೇ ಬರೆದು, ಹೆಂಡತಿಯನ್ನು ಆ ಮಗಳ ಮನೆಯಲ್ಲಿ ಅತಿಥಿ ಮಾಡುವುದು. ಎರಡೂ ನನಗೆ ಸರಿ ಕಾಣುವುದಿಲ್ಲ. ನಡುವಿನ ದಾರಿ ಇದೆ: ಹೆಂಡತಿಗೆ ಬದುಕಿರುವವರೆಗೆ ಇರುವ ಹಕ್ಕು, ಅವರ ನಂತರ ಮನೆ ಮಕ್ಕಳಿಗೆ. ಹಳೆಯ ಪತ್ರಗಳಲ್ಲಿ "ತನ್ನ ಜೀವಮಾನ ಪರ್ಯಂತ ಅನುಭವಿಸಿಕೊಂಡು ಬರತಕ್ಕದ್ದು, ಪರಭಾರೆ ಮಾಡುವ ಹಕ್ಕು ಇರುವುದಿಲ್ಲ" ಅಂತ ಬರುತ್ತದಲ್ಲ, ಅದೇ. ಪರಭಾರೆ ಅಂದರೆ ಮಾರುವುದು, ಬೇರೆಯವರ ಹೆಸರಿಗೆ ಬರೆದುಕೊಡುವುದು.

ಆದರೆ ಇಲ್ಲೊಂದು ಕೊಕ್ಕೆ ಇದೆ. ಹೆಂಡತಿಗೆ ಜೀವನಾಂಶದ ಹಕ್ಕು ಮೊದಲಿನಿಂದಲೇ ಇರುತ್ತದೆ. ಆ ಹಕ್ಕಿನ ಬಾಬ್ತು ಕೊಟ್ಟ ಆಸ್ತಿ, ಕಾಗದದಲ್ಲಿ "ಜೀವಮಾನ ಮಾತ್ರ" ಅಂತಿದ್ದರೂ, ಅವರ ಪೂರ್ಣ ಸ್ವತ್ತಾಗುತ್ತದೆ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಹೇಳಿದೆ. ಆಮೇಲಿನ ತೀರ್ಪುಗಳೆಲ್ಲ ಒಂದೇ ದಾರಿ ಹಿಡಿದಿಲ್ಲ. ಹಾಗಾಗಿಯೇ 2024ರ ಡಿಸೆಂಬರ್‌ನಲ್ಲಿ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದರು. ಆದ್ದರಿಂದ ಈ ಒಂದು ಸಾಲನ್ನು ಮಾತ್ರ ಇಂಟರ್‌ನೆಟ್ಟಿನಿಂದ ನಕಲು ಮಾಡಬೇಡಿ, ಸಿವಿಲ್ ವಕೀಲರಿಂದ ಬರೆಸಿ. ಹೆಂಡತಿಯ ಜೀವನಕ್ಕೆ ಒಂದು ಎಫ್‌ಡಿಯನ್ನೋ ಬಾಡಿಗೆಯನ್ನೋ ಬೇರೆಯಾಗಿಯೇ ಕೊಡಿ. ಮನೆಯನ್ನು ಜೀವನಾಂಶದ ಜೊತೆ ಗಂಟು ಹಾಕಬೇಡಿ.

ಹುಡುಗನಿಗೆ ಕೊಡುವ ಮನಸ್ಸಿದ್ದರೆ ಅವನ ಹೆಸರನ್ನೇ ಬರೆಯಿರಿ. "ನನ್ನ ಮಕ್ಕಳಿಗೆ ಸಮನಾಗಿ" ಅಂತ ಬರೆದರೆ ಮುಂದೆ ಅವನು ಆ ಮಾತಿನಲ್ಲಿ ಸೇರುತ್ತಾನಾ ಇಲ್ಲವಾ ಅಂತ ಕೋರ್ಟಿನಲ್ಲಿ ವಾದ ಶುರುವಾಗುತ್ತದೆ. ದತ್ತು ತೆಗೆದುಕೊಂಡರೆ ಅವನು ಎಲ್ಲ ಲೆಕ್ಕದಲ್ಲೂ ನಿಮ್ಮ ಮಗನೇ ಆಗುತ್ತಾನೆ. ಅದಕ್ಕೆ ಬೇರೆಯೇ ವಿಧಿವಿಧಾನ ಇದೆ, ಅವನ ಹೆತ್ತ ತಂದೆಯ ಕಡೆಯದನ್ನೂ ಯೋಚಿಸಬೇಕಾಗುತ್ತದೆ.

ಮಗಳಿಗಿನ್ನೂ 18 ತುಂಬಿಲ್ಲವಾದ್ದರಿಂದ ಗಾರ್ಡಿಯನ್ ಯಾರು ಅಂತಲೂ ವಿಲ್‌ನಲ್ಲಿ ಹೇಳಿ. ಅಪ್ರಾಪ್ತರ ಪಾಲನೆಯ ಕಾಯ್ದೆಯಲ್ಲಿ "ತಾಯಿ" ಅಂದರೆ ಮಲತಾಯಿ ಸೇರುವುದಿಲ್ಲ ಅಂತ ಸ್ಪಷ್ಟವಾಗಿಯೇ ಇದೆ. ಅಂದರೆ ನೀವು ಹೋದರೆ, ದಿನಾ ಜಡೆ ಹಾಕಿ ಕಳಿಸುವ ನಿಮ್ಮ ಹೆಂಡತಿ ಕಾನೂನಿನ ಮುಂದೆ ಅವಳಿಗೆ ಗಾರ್ಡಿಯನ್ ಅಲ್ಲ.

ಊರಿನ ಜಮೀನು ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ. ನೀವು ವಿಲ್ ಬರೆಯಬಹುದಾದ್ದು ನಿಮ್ಮ ಪಾಲಿಗೆ ಮಾತ್ರ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಆಗಿರಲೇಬೇಕು ಅಂತಿಲ್ಲ. ಪಹಣಿ, ಹಳೆಯ ವಿಭಾಗಪತ್ರ ಎರಡನ್ನೂ ವಕೀಲರ ಮುಂದೆ ಇಡಿ.

ಮೊದಲ ಮದುವೆಯ ಕಾಲದಲ್ಲಿ ವಿಲ್ ಏನಾದರೂ ಬರೆದಿದ್ದಿರಾ? ಹಿಂದೂಗಳಲ್ಲಿ ಮತ್ತೆ ಮದುವೆಯಾದರೆ ಹಳೆಯ ವಿಲ್ ತಾನಾಗಿಯೇ ರದ್ದಾಗುವುದಿಲ್ಲ. ಕ್ರೈಸ್ತರಲ್ಲಿ ಆಗುತ್ತದೆ. ಹೆಂಡತಿ ವಿಚ್ಛೇದನ ಪಡೆದು ಬಂದವರಾಗಿದ್ದರೆ ಡಿಕ್ರಿಯ, ಅಂದರೆ ಕೋರ್ಟಿನ ಆದೇಶದ, ದೃಢೀಕೃತ ಪ್ರತಿ ಮನೆಯಲ್ಲಿರಲಿ. ಮೊದಲ ಮದುವೆ ಕಾನೂನಿನ ಪ್ರಕಾರ ಮುರಿಯದೆ ಆದ ಎರಡನೇ ಮದುವೆ ಅಸಿಂಧು, ಅಂಥ ಹೆಂಡತಿ ವಾರಸುದಾರಳಲ್ಲ. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ.

ಇವತ್ತು ಸಂಜೆಯೇ ಮಾಡಬಹುದಾದ ಕೆಲಸ ಒಂದಿದೆ. ಪಾಲಿಸಿ, ಪಿಎಫ್, ಬ್ಯಾಂಕು, ಎಲ್ಲ ಕಡೆ ನಾಮಿನಿ ಯಾರು ಅಂತ ನೋಡಿ. ಅಪ್ಪನ ಒಂದು ಪಾಲಿಸಿಯಲ್ಲಿ, ತೀರಿಕೊಂಡು ವರ್ಷಗಳಾಗಿದ್ದ ನನ್ನ ಅಮ್ಮನ ಹೆಸರೇ ಇತ್ತು. ನಾಮಿನಿ ಅಂದ ಮಾತ್ರಕ್ಕೆ ಹಣದ ಯಜಮಾನರಲ್ಲ ಅನ್ನುವುದೂ ನೆನಪಿರಲಿ. ಬ್ಯಾಂಕ್ ಖಾತೆ, ಷೇರುಗಳಲ್ಲಿ ಅವರು ಬರೀ ಹಣ ಪಡೆಯುವವರು, ಹಕ್ಕು ವಾರಸುದಾರರದೇ. ವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ಹೆಂಡತಿ, ಮಕ್ಕಳು ಅಥವಾ ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದೇ.

ಚಿನ್ನದ ಮಾತು ಕೊನೆಗೆ ಇಟ್ಟುಕೊಂಡೆ, ಜಗಳ ಜಾಸ್ತಿ ಅಲ್ಲೇ. ನಿಮ್ಮ ಮೊದಲ ಹೆಂಡತಿ ವಿಲ್ ಬರೆದಿರಲಿಲ್ಲ, ಅವರಿಗೆ ಇದ್ದದ್ದು ಇವಳೊಬ್ಬಳೇ ಮಗಳು ಅಂತಾದರೆ, ಅವರ ಒಡವೆಯಲ್ಲಿ ಅರ್ಧ ಈಗಾಗಲೇ ಮಗಳದು. ನಮ್ಮಮ್ಮನ ಒಡವೆಯನ್ನು ಅಜ್ಜಿ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಪಟ್ಟಿ ಮಾಡಿದ್ದರು: ಬಳೆ ನಾಲ್ಕು, ಅವಲಕ್ಕಿ ಸರ ಒಂದು, ಕೆಂಪು ಕಲ್ಲಿನ ಓಲೆ. ಅಜ್ಜಿ ಹೋದ ಮೇಲೆ ಆ ಹಾಳೆಯನ್ನು ಸ್ಟೀಲ್ ಡಬ್ಬಿಯಲ್ಲಿ ಒಡವೆ ಜೊತೆಗೇ ಮಡಚಿಟ್ಟಿದ್ದು ಚಿಕ್ಕಮ್ಮ. ನನ್ನ ಮದುವೆಯ ಹಿಂದಿನ ದಿನ ಡಬ್ಬಿ ನನ್ನ ಮುಂದಿಟ್ಟು, "ಎಣಿಸ್ಕೋ" ಅಂದರು.

ವಿಲ್‌ಗೆ ಇಬ್ಬರು ಸಾಕ್ಷಿಗಳು ಸಾಕು. ನಿಮಗಿಂತ ಚಿಕ್ಕ ವಯಸ್ಸಿನವರು, ಪಾಲು ಸಿಗದವರು ಆಗಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಮನಸ್ಸು ಬದಲಾದರೆ ಹೊಸದು ಬರೆಯಬಹುದು.

ಇನ್ನೊಂದು. ಹುಡುಗನ ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ ತಂದೆಯ ಹೆಸರು ಏನಿದೆ ನೋಡಿ, ವಿಲ್‌ನಲ್ಲೂ ಅದನ್ನೇ ಹಾಕಿ. ನನ್ನ ಪಾಲಿನಲ್ಲಿ ಒಂದಿಷ್ಟನ್ನು ತಮ್ಮನಿಗೆ ದಾನಪತ್ರ ಮಾಡಿಕೊಡಲು ಹೋದಾಗ ಅವನ ಮಾರ್ಕ್ಸ್ ಕಾರ್ಡಿನಲ್ಲಿ ಒಬ್ಬ ಅಪ್ಪ, ಆಧಾರ್‌ನಲ್ಲಿ ಇನ್ನೊಬ್ಬ ಅಪ್ಪ. ಅದನ್ನು ಸರಿ ಮಾಡಿಸಲಿಕ್ಕೇ ಎರಡು ತಿಂಗಳು ಓಡಾಡಿದೆವು.